71 ಪಂದ್ಯ, ಒಂದೂ ಹೋಮ್ ರನ್ ಇಲ್ಲ: ಲೋವೆಲ್‌ನಲ್ಲಿ ನಾನು ಗಮನಿಸದ ಮೂಕಿ ಬೆಟ್ಸ್

2012ರ ಬೇಸಿಗೆಯಲ್ಲಿ ನಾನು ಮ್ಯಾಸಚೂಸೆಟ್ಸ್‌ನ ಲೋವೆಲ್ ಪಕ್ಕದ ಊರಿನಲ್ಲಿದ್ದೆ. ಸಂಜೆ ಆಫೀಸು ಬಿಟ್ಟು ಕಾರು ಹತ್ತಿದರೆ ಸ್ವಲ್ಪ ಹೊತ್ತಿಗೆ ಲೆಲಾಶರ್ ಪಾರ್ಕ್. ಮೆರಿಮ್ಯಾಕ್ ನದಿಯ ದಡ, ಹಳೆಯ ಬಟ್ಟೆ ಗಿರಣಿಗಳ ಊರು. ಅಲ್ಲಿ ಆಡುತ್ತಿದ್ದ ಬೇಸ್‌ಬಾಲ್ ತಂಡದ ಹೆಸರು ಲೋವೆಲ್ ಸ್ಪಿನ್ನರ್ಸ್. ನೂಲುವವರು ಎಂಬ ಅರ್ಥದ ಸ್ಪಿನ್ನರ್ಸ್, ಕ್ರಿಕೆಟ್ಟಿನದಲ್ಲ.

ಪಂದ್ಯಕ್ಕೆ ಹೋಗುವಾಗ ಒಂದು ನೋಟ್‌ಬುಕ್ ಒಯ್ಯುತ್ತಿದ್ದೆ. ಮುಂದೆ ದೊಡ್ಡ ಆಟಗಾರರಾಗುವವರು ಯಾರು ಎಂದು ಊಹಿಸಿ ಬರೆದುಕೊಳ್ಳುವ ಹುಚ್ಚು. ಆ ನೋಟ್‌ಬುಕ್ ಇವತ್ತಿಗೂ ನನ್ನ ಹತ್ತಿರ ಇದೆ. ಅದರಲ್ಲಿ ಡೆವೆನ್ ಮರೇರೊ ಎಂಬ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಬಗ್ಗೆ ಒಂದೂವರೆ ಪುಟ ಬರೆದಿದ್ದೇನೆ. ಅವನ ಪಕ್ಕದಲ್ಲೇ ಸೆಕೆಂಡ್ ಬೇಸ್‌ನಲ್ಲಿ ನಿಲ್ಲುತ್ತಿದ್ದ ಹುಡುಗನ ಬಗ್ಗೆ ಇರುವುದು ಒಂದೇ ಸಾಲು: "ಸಣ್ಣ ಮೈ, ಚುರುಕು, ಬಲ ಇಲ್ಲ."

ಆ ಹುಡುಗ ಮೂಕಿ ಬೆಟ್ಸ್. ಆರು ವರ್ಷಕ್ಕೆ, ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನಾದ. 2020ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಅವನ ಜೊತೆ 12 ವರ್ಷಕ್ಕೆ 36.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು.

ಆ ಒಂದು ಸಾಲನ್ನು ನಾನು ಯಾಕೆ ಹಾಗೆ ಬರೆದೆ? ಏನನ್ನು ನೋಡಿದೆ, ಏನನ್ನು ನೋಡಲಿಲ್ಲ? ಇದನ್ನು ಕೂತು ಬಿಡಿಸಿ ನೋಡಬೇಕು ಅಂತ ಬಹಳ ದಿನದಿಂದ ಇತ್ತು.

ಅವನು ಲೋವೆಲ್‌ಗೆ ಬಂದ ದಾರಿ

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಪ್ರತಿ ತಂಡದ ಕೆಳಗೂ ಏಣಿಯ ಮೆಟ್ಟಿಲಿನ ಹಾಗೆ ಮೈನರ್ ಲೀಗ್ ತಂಡಗಳು. ಹೈಸ್ಕೂಲ್, ಕಾಲೇಜಿನಿಂದ ಆರಿಸಿಕೊಂಡ ಹುಡುಗರು ಕೆಳಗಿನ ಮೆಟ್ಟಿಲಿಂದ ಆಡುತ್ತಾ ಮೇಲೆ ಹತ್ತಬೇಕು. ಹತ್ತುವವರು ಕಡಿಮೆ, ಅರ್ಧದಲ್ಲೇ ಇಳಿದು ಮನೆಗೆ ಹೋಗುವವರು ಜಾಸ್ತಿ. ಆಗ ಲೋವೆಲ್ ಬಾಸ್ಟನ್ ರೆಡ್ ಸಾಕ್ಸ್‌ನ ಕೆಳಗಿನ ಮೆಟ್ಟಿಲುಗಳಲ್ಲೊಂದು. ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಮಾತ್ರ ನಡೆಯುವ ಚಿಕ್ಕ ಲೀಗ್.

ಬೆಟ್ಸ್ ಹುಟ್ಟಿದ್ದು 1992ರಲ್ಲಿ, ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ. ಮೈ ಸಣ್ಣ ಅಂತ ಚಿಕ್ಕಂದಿನಲ್ಲಿ ಒಂದು ತಂಡದ ಕೋಚ್ ಸೇರಿಸಿಕೊಳ್ಳಲಿಲ್ಲ. ಆಗ ಅವನ ತಾಯಿ, ಬೇರೆಯವರು ಬೇಡ ಅಂದ ಮಕ್ಕಳನ್ನೆಲ್ಲ ಕೂಡಿಸಿ ತಾವೇ ಒಂದು ತಂಡ ಕಟ್ಟಿದರು. ಜಾನ್ ಓವರ್ಟನ್ ಹೈಸ್ಕೂಲಿಗೆ ಬರುವ ಹೊತ್ತಿಗೆ ಹುಡುಗ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೌಲಿಂಗ್ ಮೂರರಲ್ಲೂ ಮುಂದೆ. ಬೌಲಿಂಗ್ ಅಂದರೆ ಉದ್ದದ ಮರದ ಹಾಸಿನ ಮೇಲೆ ಭಾರದ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ. ಅದರಲ್ಲಿ ರಾಜ್ಯಕ್ಕೇ ಹೆಸರು ಮಾಡಿದ್ದ.

ಆ ಭಾಗದ ಊರೂರು ಸುತ್ತಿ ಹುಡುಗರನ್ನು ನೋಡುತ್ತಿದ್ದ ರೆಡ್ ಸಾಕ್ಸ್ ಸ್ಕೌಟ್ ಡ್ಯಾನಿ ವಾಟ್ಕಿನ್ಸ್. ಅವರು ಇವನ ಬೇಸ್‌ಬಾಲ್ ನೋಡಿ ಸುಮ್ಮನಾಗಲಿಲ್ಲ. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಅವನು ಓಡುವುದು, ತಿರುಗುವುದು, ಚೆಂಡು ಹಿಡಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಒಂದು ದಿನ ಶಾಲೆಯ ಊಟದ ಬಿಡುವಿನಲ್ಲಿ ಅವನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. ನ್ಯೂರೋಸ್ಕೌಟಿಂಗ್ ಎಂಬ ಪರೀಕ್ಷೆ. ನೋಡಲು ಮಕ್ಕಳ ವಿಡಿಯೋ ಗೇಮ್. ಪರದೆಯ ಮೇಲೆ ಚೆಂಡು ಬರುತ್ತದೆ. ಚೆಂಡಿನ ಹೊಲಿಗೆ ಒಂದು ದಿಕ್ಕಿಗಿದ್ದರೆ ಕೀ ಒತ್ತಬೇಕು. ಇನ್ನೊಂದು ದಿಕ್ಕಿಗಿದ್ದರೆ ಒತ್ತಬಾರದು. ಕಣ್ಣು ಮಿಟುಕಿಸುವಷ್ಟೇ ಹೊತ್ತು.

ಇದರಲ್ಲಿ ಕಷ್ಟ ಇರುವುದು ಒತ್ತುವುದರಲ್ಲಲ್ಲ, ಒತ್ತದೆ ಇರುವುದರಲ್ಲಿ. ಬೆರಳು ಮುಂದಕ್ಕೆ ಹೊರಟಾಗಿರುತ್ತದೆ, ಅದನ್ನು ಹಿಡಿದು ನಿಲ್ಲಿಸಬೇಕು. ಬ್ಯಾಟಿಂಗ್ ಕೂಡ ಇದೇ ಕೆಲಸ ಅಲ್ವಾ? ಬೆಟ್ಸ್ ಈ ಪರೀಕ್ಷೆಯಲ್ಲಿ ಬಹಳ ಒಳ್ಳೆಯ ಅಂಕ ಪಡೆದ.

ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2011ರ ಡ್ರಾಫ್ಟ್ 50 ಸುತ್ತುಗಳದ್ದು. ಅವನ ಹೆಸರು ಬಂದದ್ದು ಐದನೇ ಸುತ್ತಿನಲ್ಲಿ, ಒಟ್ಟಾರೆ 172ನೆಯದಾಗಿ. ರೆಡ್ ಸಾಕ್ಸೇ ಅವನಿಗಿಂತ ಮೊದಲು ಏಳು ಜನರನ್ನು ಆರಿಸಿತ್ತು. ಆದರೆ ದುಡ್ಡನ್ನು ನೋಡಿದರೆ ಬೇರೆ ಕತೆ ಕಾಣುತ್ತದೆ. ಬೆಟ್ಸ್ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ಸೇರುವುದಾಗಿ ಹೇಳಿಯಾಗಿತ್ತು. ಆ ಮನಸ್ಸು ತಿರುಗಿಸಲು ತಂಡ ಸಹಿ ಹಾಕುವುದಕ್ಕೇ ಏಳೂವರೆ ಲಕ್ಷ ಡಾಲರ್ ಬೋನಸ್ ಕೊಟ್ಟಿತು. ಐದನೇ ಸುತ್ತಿನ ಹುಡುಗನಿಗೆ ಇದು ತುಂಬಾ ದೊಡ್ಡ ಮೊತ್ತ. ಮರುವರ್ಷದಿಂದ ಪ್ರತಿ ತಂಡ ಡ್ರಾಫ್ಟ್‌ಗೆ ಸುರಿಯುವ ಹಣಕ್ಕೆ ಮಿತಿ ಬಂತು. ಒಂದು ವರ್ಷ ತಡವಾಗಿದ್ದರೆ ಈ ಲೆಕ್ಕ ಕೂಡಿಸುವುದು ಕಷ್ಟವಿತ್ತು.

ಅಂದರೆ ರೆಡ್ ಸಾಕ್ಸ್‌ನ ಸ್ಕೌಟ್‌ಗಳು ಅವನನ್ನು ಐದನೇ ಸುತ್ತಿನ ಆಟಗಾರ ಅಂದುಕೊಂಡಿರಲಿಲ್ಲ. ಬೋನಸ್ ಮೊತ್ತ ಸುತ್ತಿನ ಸಂಖ್ಯೆಗಿಂತ ನಿಜ ಹೇಳುತ್ತದೆ. ಮೈನರ್ ಲೀಗ್ ನೋಡಲು ಕೂತವರು ಹುಡುಗನ ಡ್ರಾಫ್ಟ್ ಸುತ್ತು ಕೇಳುತ್ತಾರೆ, ಬೋನಸ್ ಎಷ್ಟು ಅಂತ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

2012ರ ಅಂಕಿಗಳು

ಲೋವೆಲ್‌ನಲ್ಲಿ ಅವನು ಆಡಿದ್ದು 71 ಪಂದ್ಯ. 67 ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದ್ದು. ಸರಾಸರಿ .267, ಅಂದರೆ ಸಾವಿರ ಹೊಡೆತದ ಸರದಿಗೆ 267 ಹಿಟ್ ಲೆಕ್ಕ. ಆ 67ರಲ್ಲಿ ಎಂಟು ಡಬಲ್ (ಎರಡನೇ ಬೇಸ್‌ವರೆಗೆ ಓಡಿದ್ದು), ಒಂದು ಟ್ರಿಪಲ್ (ಮೂರನೇ ಬೇಸ್‌ವರೆಗೆ). ಉಳಿದವೆಲ್ಲ ಸಿಂಗಲ್. ಹೋಮ್ ರನ್ ಸೊನ್ನೆ. ಕ್ರಿಕೆಟ್ಟಿನ ಕಣ್ಣಲ್ಲಿ ಹೇಳುವುದಾದರೆ, ಇಡೀ ಸೀಸನ್ ಸಿಕ್ಸರ್ ಇಲ್ಲದೆ ಬರೀ ಒಂದೊಂದು ರನ್ ಓಡಿದ ಹಾಗೆ. ಅದೇ ತಂಡದಲ್ಲಿದ್ದ ಮರೇರೊ ಆ ವರ್ಷದ ಡ್ರಾಫ್ಟ್‌ನಲ್ಲಿ ಒಟ್ಟಾರೆ 24ನೆಯವನಾಗಿ ಆಯ್ಕೆಯಾದವನು, ಅರಿಜೋನ ಸ್ಟೇಟ್‌ನ ಹೆಸರಾಂತ ಆಟಗಾರ. ಎಲ್ಲರ ಕಣ್ಣೂ ಅವನ ಮೇಲೆ, ನನ್ನದೂ ಅಲ್ಲೇ.

ಈಗ ಅದೇ ಸಾಲಿನ ಉಳಿದ ಅಂಕಿ ನೋಡಿ. 32 ವಾಕ್, 30 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾಗುವುದು), 20 ಬೇಸ್ ಕದ್ದದ್ದು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುವುದು).

ವಾಕ್ ಅಂದರೆ, ಸ್ಟ್ರೈಕ್ ಝೋನ್ ಎಂಬ, ಬ್ಯಾಟರ್ ಮುಂದಿನ ಕಾಲ್ಪನಿಕ ಚೌಕದ ಹೊರಗೆ ಹೋದ ನಾಲ್ಕು ಚೆಂಡನ್ನು ಬ್ಯಾಟರ್ ಬೀಸದೆ ಬಿಟ್ಟರೆ ಮೊದಲ ಬೇಸ್ ಪುಕ್ಕಟೆ. ಆಫ್ ಸ್ಟಂಪ್ ಆಚೆ ಹೋಗುವ ಚೆಂಡನ್ನು ರಾಹುಲ್ ದ್ರಾವಿಡ್ ಬಿಡುತ್ತಿದ್ದುದನ್ನು ನೋಡಿ ಬೆಳೆದ ನಮಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಆದರೂ ಬೇಸ್‌ಬಾಲ್ ನೋಡುವಾಗ ನಾನು ಅದನ್ನೇ ಮರೆತೆ. ದೂರ ಹಾರುವ ಚೆಂಡು ನೋಡಲು ಕಾಯುತ್ತಾ ಕೂತೆ.

ಆ ವರ್ಷ ಮೇಜರ್ ಲೀಗ್‌ನಲ್ಲೇ ಬ್ಯಾಟರ್‌ಗಳು ಹೆಚ್ಚುಕಡಿಮೆ ಐದು ಸರದಿಗೊಮ್ಮೆ ಸ್ಟ್ರೈಕ್‌ಔಟ್ ಆಗುತ್ತಿದ್ದರು. ಬೆಟ್ಸ್ ಆದದ್ದು ಸುಮಾರು ಹತ್ತು ಸರದಿಗೊಮ್ಮೆ. ಸ್ಟ್ರೈಕ್‌ಔಟ್‌ಗಿಂತ ವಾಕ್ ಜಾಸ್ತಿ. ಇದನ್ನು ಮಾಡುತ್ತಿದ್ದವನಿಗೆ 19 ವರ್ಷ. ಎದುರಿಗೆ ಚೆಂಡೆಸೆಯುತ್ತಿದ್ದವರಲ್ಲಿ ಬಹಳ ಮಂದಿ ಕಾಲೇಜು ಮುಗಿಸಿ ಬಂದ 21, 22ರ ಹುಡುಗರು. ಹೈಸ್ಕೂಲಿನಲ್ಲಿ ಲೋಹದ ಬ್ಯಾಟ್ ಹಿಡಿದ ಕೈಗೆ ಇಲ್ಲಿ ಮರದ ಬ್ಯಾಟ್. ಹಿಂದಿನ ವರ್ಷ ಆಗಸ್ಟ್‌ನಲ್ಲಿ ಸಹಿ ಹಾಕಿದ್ದರಿಂದ ಆಗ ಆಡಿದ್ದು ಒಂದೇ ಪಂದ್ಯ. ಹೀಗಾಗಿ 2012 ಅವನ ಮೊದಲ ನಿಜವಾದ ವೃತ್ತಿ ವರ್ಷ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ".267, ಹೋಮ್ ರನ್ ಇಲ್ಲ" ಅನ್ನುವುದು ಬೇರೆಯೇ ಕಾಣುತ್ತದೆ. ಹುಡುಗನಿಗೆ ಚೆಂಡು ಕಾಣುತ್ತಿದೆ. ಕೆಟ್ಟ ಚೆಂಡಿಗೆ ಬೀಸುತ್ತಿಲ್ಲ. ಬೀಸಿದಾಗ ಬ್ಯಾಟಿಗೆ ತಾಗುತ್ತಿದೆ. ಇನ್ನೂ ಇಲ್ಲದ್ದು ಬಲ ಒಂದೇ. ಬಲ ಬರುವುದಕ್ಕೆ ವಯಸ್ಸಿದೆ.

ಈಗಾದರೆ ಮೇಲಿನ ಹಂತದ ಮೈನರ್ ಲೀಗ್‌ನಲ್ಲಿ ಚೆಂಡು ಬ್ಯಾಟಿನಿಂದ ಎಷ್ಟು ವೇಗವಾಗಿ ಹೊರಟಿತು ಅಂತ ನಾವೂ ನೋಡಬಹುದು. ಆಗ ನಮ್ಮಂಥ ನೋಡುಗರಿಗೆ ಅಂಥದ್ದು ಯಾವುದೂ ಸಿಗುತ್ತಿರಲಿಲ್ಲ. ಇದ್ದದ್ದು ಕಣ್ಣು ಮಾತ್ರ. ನನ್ನ ಕಣ್ಣು ಇದ್ದ ಜಾಗವೇ ತಪ್ಪಾಗಿತ್ತು.

ಕೂತ ಜಾಗ

ಲೋವೆಲ್‌ನಲ್ಲಿ ನಾನು ಯಾವಾಗಲೂ ಮೂರನೇ ಬೇಸ್ ಕಡೆ ಕೂರುತ್ತಿದ್ದೆ. ಕಾರಣ ಏನೂ ಇಲ್ಲ, ಅಭ್ಯಾಸ. ಬೆಟ್ಸ್ ಬಲಗೈ ಬ್ಯಾಟರ್. ಬಲಗೈ ಬ್ಯಾಟರ್ ನಿಂತಾಗ ಅವನ ಎದೆ ಮೊದಲ ಬೇಸ್ ಕಡೆಗಿರುತ್ತದೆ, ಬೆನ್ನು ಮೂರನೇ ಬೇಸ್ ಕಡೆಗೆ. ಅಂದರೆ ಇಡೀ ಬೇಸಿಗೆ ನಾನು ನೋಡಿದ್ದು ಅವನ ಬೆನ್ನನ್ನು!

ಸ್ಕೌಟ್‌ಗಳು ಹಾಗೆ ಕೂರುವುದಿಲ್ಲ. ಅವರ ಜಾಗ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನ ನೇರ ಹಿಂದೆ. ಕೈಯಲ್ಲಿ ರೇಡಾರ್ ಗನ್, ಇನ್ನೊಂದರಲ್ಲಿ ಸ್ಟಾಪ್‌ವಾಚ್, ತೊಡೆಯ ಮೇಲೆ ಕಾಗದ. ಅವತ್ತು ಆಡದ ಪಿಚರ್‌ಗಳೂ (ಚೆಂಡೆಸೆಯುವವರು) ಒಂದಿಬ್ಬರು ಅಲ್ಲೇ ಕೂತು ಪ್ರತಿ ಚೆಂಡನ್ನೂ ಗುರುತು ಹಾಕುತ್ತಿರುತ್ತಾರೆ. ಪ್ಲೇಟ್‌ನ ಹಿಂದಿನಿಂದ ನೋಡಿದರೆ ಮಾತ್ರ ಚೆಂಡು ಝೋನ್‌ನ ಒಳಗೆ ಬಂತೇ ಹೊರಗೆ ಹೋಯಿತೇ ಗೊತ್ತಾಗುವುದು. ಪಕ್ಕದಿಂದ ಚೆಂಡಿನ ಎತ್ತರ ತಿಳಿಯುತ್ತದೆ, ಒಳಹೊರಗು ತಿಳಿಯುವುದಿಲ್ಲ. ಹಾಗಾಗಿ ಅವನು ಬಿಟ್ಟ ಚೆಂಡುಗಳಲ್ಲಿ ಯಾವುದು ನಾಲ್ಕು ಬೆರಳು ಹೊರಗಿತ್ತು, ಯಾವುದು ಒಂದು ಕೂದಲೆಳೆ ಹೊರಗಿತ್ತು, ನನಗೆ ತಿಳಿಯಲೇ ಇಲ್ಲ. ಕೂದಲೆಳೆ ಹೊರಗಿದ್ದದ್ದನ್ನು ಬಿಡುವ ಹುಡುಗನೇ ಬೇರೆ.

ಸ್ಕೌಟ್‌ಗಳು ಒಂದಿಷ್ಟು ಇನ್ನಿಂಗ್ಸ್ ಆದ ಮೇಲೆ ಎದ್ದು ಜಾಗ ಬದಲಿಸುತ್ತಾರೆ. ಬಲಗೈ ಬ್ಯಾಟರ್ ನೋಡಬೇಕೆಂದರೆ ಮೊದಲ ಬೇಸ್ ಕಡೆಗೆ, ಎಡಗೈಯವನಾದರೆ ಮೂರನೇ ಬೇಸ್ ಕಡೆಗೆ. ಅಲ್ಲಿಂದ ಕೈಗಳು ಕಾಣುತ್ತವೆ. ಬೆಟ್ಸ್‌ನ ಗುಟ್ಟು ಇದ್ದದ್ದು ಕೈಗಳಲ್ಲೇ. ಇವತ್ತು ನಿಧಾನಗತಿಯ ವಿಡಿಯೋದಲ್ಲಿ ನೋಡಿ: ಮೊಣಕೈ ಮೈಗೆ ಹತ್ತಿರ, ಬ್ಯಾಟು ಸುತ್ತು ಬಳಸದೆ ಚೆಂಡಿನ ದಾರಿಗೆ ನೇರ ಬರುತ್ತದೆ. ಹಾಗೆ ಬಂದರೆ ನಿರ್ಧಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. 145 ಕಿಲೋಮೀಟರ್ ವೇಗದ ಚೆಂಡು ಪ್ಲೇಟಿಗೆ ಬರಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಅದರಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಉಳಿದರೂ ದೊಡ್ಡದು.

ಸ್ಕೌಟ್‌ಗಳ ಅಂಕದ ಪದ್ಧತಿ 20ರಿಂದ 80. ಮೇಜರ್ ಲೀಗ್‌ನ ಸಾಮಾನ್ಯ ಮಟ್ಟ 50. ಬ್ಯಾಟಿಂಗ್, ಬಲ, ಓಟ, ಎಸೆತ, ಫೀಲ್ಡಿಂಗ್ ಐದಕ್ಕೂ ಬೇರೆ ಬೇರೆ ಅಂಕ. ಪ್ರತಿಯೊಂದಕ್ಕೂ ಎರಡೆರಡು ಅಂಕ ಬರೆಯುತ್ತಾರೆ: ಇವತ್ತು ಎಷ್ಟು, ಬೆಳೆದ ಮೇಲೆ ಎಷ್ಟು. ಆ ಎರಡನೇ ಅಂಕ ಬರೆಯುವುದೇ ಈ ಕೆಲಸದ ಕಷ್ಟ. ನಾನು ಬರೆದ ಸಾಲಿನಲ್ಲಿ ಇವತ್ತಿನ ಅಂಕ ಸರಿಯಾಗೇ ಇತ್ತು. ಬಲ ನಿಜಕ್ಕೂ ಇರಲಿಲ್ಲ. ನಾಳಿನ ಅಂಕದ ಖಾನೆಯನ್ನೇ ನಾನು ಖಾಲಿ ಬಿಟ್ಟಿದ್ದೆ.

ಗ್ರೀನ್‌ವಿಲ್‌ನ ಕೆಟ್ಟ ತಿಂಗಳು

2013ರಲ್ಲಿ ಅವನನ್ನು ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ಗೆ ಕಳಿಸಿದರು. ಮೊದಲ ತಿಂಗಳು ಪೂರಾ ಕೆಟ್ಟು ಹೋಯಿತು. ಸರಾಸರಿ .200ಕ್ಕಿಂತ ಎಷ್ಟೋ ಕೆಳಗೆ. ಬೇಸ್‌ಬಾಲ್ ಬಿಟ್ಟು ಕಾಲೇಜಿಗೆ ಹೋಗಿಬಿಡಲೇ ಎಂದು ಯೋಚಿಸಿದ್ದನ್ನು ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಇಪ್ಪತ್ತು ವರ್ಷ, ಮನೆಯಿಂದ ದೂರ, ದಿನಾ ಸೋಲು. ಆ ಒಂಟಿತನ ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೊರಗಿನಿಂದ ನೋಡುವ ನಾವು ಅಂಥ ತಿಂಗಳಲ್ಲೇ ಹುಡುಗರ ಹೆಸರಿನ ಮೇಲೆ ಗೀಟು ಎಳೆದುಬಿಡುತ್ತೇವೆ.

ಆಗ ಬ್ಯಾಟಿಂಗ್ ಕೋಚ್ ಆಗಿದ್ದವರು ಯು. ಎಲ್. ವಾಷಿಂಗ್ಟನ್, ಹಿಂದೆ ಕ್ಯಾನ್ಸಸ್ ಸಿಟಿ ರಾಯಲ್ಸ್‌ನ ಶಾರ್ಟ್‌ಸ್ಟಾಪ್. ಅವರ ಜೊತೆ ಕೆಲಸ ಮಾಡಿ ಬೆಟ್ಸ್ ಒಂದು ಬದಲಾವಣೆ ಮಾಡಿಕೊಂಡ. ಚೆಂಡು ಬರುವ ಮುಂಚೆ ಮುಂದಿನ ಕಾಲನ್ನು ಎತ್ತಿ ಇಡುವುದು. ಇಷ್ಟೇ. ಕಾಲು ಎತ್ತಿದಾಗ ಮೈಯ ಭಾರ ಹಿಂಗಾಲಿಗೆ ಹೋಗುತ್ತದೆ. ಇಳಿಸಿದಾಗ ಆ ಭಾರವೆಲ್ಲ ಮುಂದೆ ಬಂದು ಸೊಂಟ, ಕೈ, ಬ್ಯಾಟಿಗೆ ಹರಿಯುತ್ತದೆ. ಸಣ್ಣ ಮೈಯವನಿಗೆ ಬಲ ಬರುವ ದಾರಿ ಇದೇ. ಆದರೆ ಕಾಲು ಎತ್ತುವವನಿಗೆ ಸಮಯಪ್ರಜ್ಞೆ ಬೇಕು. ಒಂಚೂರು ತಡವಾದರೂ ಎಲ್ಲ ಕೆಡುತ್ತದೆ. ಚೆಂಡನ್ನು ಬೇಗ ಗುರುತಿಸುವ ಕಣ್ಣಿದ್ದದ್ದರಿಂದಲೇ ಇವನಿಗೆ ಅದು ಒಗ್ಗಿತು ಅನ್ನುವುದು ನನ್ನ ನಂಬಿಕೆ.

ಆಮೇಲೆ ಆದದ್ದನ್ನು ಅಂಕಿಯಲ್ಲೇ ಹೇಳಬೇಕು. ಅಷ್ಟು ಕೆಟ್ಟ ಶುರುವಿನ ನಂತರವೂ ಗ್ರೀನ್‌ವಿಲ್‌ನ 76 ಪಂದ್ಯಗಳ ಸರಾಸರಿ .296, ಎಂಟು ಹೋಮ್ ರನ್, 58 ವಾಕ್, 40 ಸ್ಟ್ರೈಕ್‌ಔಟ್. ಮೇಲಿನ ಮೆಟ್ಟಿಲು ವರ್ಜೀನಿಯಾದ ಸೇಲಂನಲ್ಲಿ 51 ಪಂದ್ಯ, .341, ಏಳು ಹೋಮ್ ರನ್. ಹಿಂದಿನ ವರ್ಷ 71 ಪಂದ್ಯದಲ್ಲಿ ಸೊನ್ನೆ, ಈ ವರ್ಷ 127 ಪಂದ್ಯದಲ್ಲಿ ಹದಿನೈದು. ವಾಕ್ ಮತ್ತೆ ಸ್ಟ್ರೈಕ್‌ಔಟ್‌ಗಿಂತ ಜಾಸ್ತಿಯೇ. ಬಲ ಬಂದರೆ ಎಷ್ಟೋ ಹುಡುಗರು ಎಲ್ಲದಕ್ಕೂ ಬೀಸಲು ಶುರು ಮಾಡುತ್ತಾರೆ. ಇವನು ಮಾಡಲಿಲ್ಲ. ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

2014ರಲ್ಲಿ ಇನ್ನೂ ಮೇಲಿನ ಮೆಟ್ಟಿಲು, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ .355. ಹಿಂದಿನ ಸೀಸನ್‌ನಿಂದ ಶುರುವಾಗಿ, ಪ್ಲೇಆಫ್ ಬಿಟ್ಟರೂ ಸತತ 66 ಪಂದ್ಯಗಳಲ್ಲಿ ಒಮ್ಮೆಯಾದರೂ ಬೇಸ್ ತಲುಪಿದ್ದ. ಅಡ್ಡಿ ಇದ್ದದ್ದು ಬೇರೆ ಕಡೆ. ಬಾಸ್ಟನ್‌ನ ಸೆಕೆಂಡ್ ಬೇಸ್‌ನಲ್ಲಿ ಡಸ್ಟಿನ್ ಪೆಡ್ರೋಯಾ ಇದ್ದರು, 2013ರಲ್ಲಷ್ಟೇ ದೀರ್ಘ ಒಪ್ಪಂದ ಮಾಡಿಕೊಂಡಿದ್ದರು. ಹಾಗಾಗಿ ಮೇ ತಿಂಗಳಲ್ಲಿ ಬೆಟ್ಸ್‌ನನ್ನು ಬೇಸ್‌ಗಳಾಚೆಯ ದೂರದ ಮೈದಾನಕ್ಕೆ, ಔಟ್‌ಫೀಲ್ಡ್‌ಗೆ ಕಳಿಸಿ ಕಲಿಸಿದರು. ಒಂದೂವರೆ ತಿಂಗಳಾಗುವುದರೊಳಗೆ, ಜೂನ್ 29ರಂದು, ಯಾಂಕೀ ಸ್ಟೇಡಿಯಂನಲ್ಲಿ ಬಾಸ್ಟನ್ ಅಂಗಿ ತೊಟ್ಟು ಆಡಿದ. 2018ರಲ್ಲಿ ಸರಾಸರಿ .346, 32 ಹೋಮ್ ರನ್, 30 ಕದ್ದ ಬೇಸ್. ಅದೇ ವರ್ಷ ರೆಡ್ ಸಾಕ್ಸ್ ಮೇಜರ್ ಲೀಗ್‌ನ ಫೈನಲ್ ಆದ ವಿಶ್ವ ಸರಣಿ (ವರ್ಲ್ಡ್ ಸೀರೀಸ್) ಗೆದ್ದಿತು.

ಹಾಗಾದರೆ ಇಂಥವರೆಲ್ಲ ಬೆಟ್ಸ್ ಆಗುತ್ತಾರಾ?

ಇಲ್ಲ. ಇಲ್ಲಿ ಹುಷಾರಾಗಿರಬೇಕು. ವಾಕ್ ಜಾಸ್ತಿ, ಸ್ಟ್ರೈಕ್‌ಔಟ್ ಕಡಿಮೆ, ಬಲ ಇಲ್ಲ ಅನ್ನುವ ಹುಡುಗರು ಪ್ರತಿ ವರ್ಷವೂ ಕೆಳಗಿನ ಲೀಗ್‌ಗಳಲ್ಲಿ ಕಾಣುತ್ತಾರೆ. ಬಹುಪಾಲು ಮೇಲೆ ಹೋಗುವುದಿಲ್ಲ. ಕಾರಣ ಸರಳ. ಕೆಳಗಿನ ಹಂತದಲ್ಲಿ ಪಿಚರ್‌ಗಳಿಗೇ ಹಿಡಿತ ಇರುವುದಿಲ್ಲ, ಸುಮ್ನೆ ನಿಂತರೂ ವಾಕ್ ಸಿಗುತ್ತದೆ. ಮೇಲೆ ಹೋದಂತೆ ಪಿಚರ್‌ಗಳು ಚುರುಕಾಗುತ್ತಾರೆ. ಇವನು ದೂರ ಹೊಡೆಯುವುದಿಲ್ಲ ಎಂದು ಗೊತ್ತಾದರೆ ಹೆದರದೆ ಝೋನ್‌ನ ನಡುವೆಯೇ ಎಸೆಯುತ್ತಾರೆ. ಆಗ ವಾಕ್ ನಿಲ್ಲುತ್ತದೆ, ಹಿಟ್‌ನಲ್ಲಿ ಬಲ ಇಲ್ಲ, ಆಟ ಮುಗಿಯಿತು.

ಬೆಟ್ಸ್ ವಿಷಯದಲ್ಲಿ ಬೇರೆ ಆದದ್ದೇನು? ವಯಸ್ಸು 19 ಮಾತ್ರ. ಕೈಯ ವೇಗ ಹುಟ್ಟಿನಿಂದ ಬಂದದ್ದು, ಅದಕ್ಕೆ ಮೂರು ಆಟಗಳ ಸಾಕ್ಷಿ ಇತ್ತು. ಬ್ಯಾಟಿಂಗ್ ಕಲಿಕೆ ಇನ್ನೂ ಬಾಕಿ ಇತ್ತು, ಯಾಕೆಂದರೆ ಅವನು ವರ್ಷವಿಡೀ ಬೇಸ್‌ಬಾಲ್ ಒಂದನ್ನೇ ಆಡಿ ಬೆಳೆದವನಲ್ಲ. ನಿಂತು ಬೀಸುವ ಕ್ರಮವನ್ನೇ ಸೀಸನ್ ನಡುವೆ ಬದಲಿಸು ಅಂದರೆ ಬದಲಿಸಿಕೊಳ್ಳುವ ಮನಸ್ಸಿತ್ತು. ಈ ನಾಲ್ಕರಲ್ಲಿ ಮೊದಲನೆಯದು ಕಾರ್ಯಕ್ರಮದ ಪುಸ್ತಿಕೆಯಲ್ಲೇ ಇತ್ತು. ಎರಡನೆಯದು ಸರಿಯಾದ ಕಡೆ ಕೂತಿದ್ದರೆ ಕಾಣುತ್ತಿತ್ತು. ಉಳಿದೆರಡು ತಿಳಿಯಬೇಕಾದರೆ ವಾಟ್ಕಿನ್ಸ್ ಹಾಗೆ ಊರಿಗೇ ಹೋಗಿ, ಮನೆಯವರ ಜೊತೆ ಮಾತಾಡಬೇಕು. ಸ್ಟೇಡಿಯಂನ ಕುರ್ಚಿಯಿಂದ ಅದು ಆಗುವುದಿಲ್ಲ.

ಮರೇರೊ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ನಾನು ಒಂದೂವರೆ ಪುಟ ಬರೆದದ್ದು ತಪ್ಪಲ್ಲ. ಅವನ ಫೀಲ್ಡಿಂಗ್ ನೋಡಿದರೆ ಕಣ್ಣು ತಣಿಯುತ್ತಿತ್ತು. ಆ ಕೈಗಳ ಬಲದಿಂದಲೇ ಮೇಜರ್ ಲೀಗ್ ತಲುಪಿದ. ಅದು ಸಣ್ಣ ಸಾಧನೆ ಅಲ್ಲ. ಆದರೆ ಅಲ್ಲಿನ ಪಿಚರ್‌ಗಳೆದುರು ಬ್ಯಾಟು ನಿಲ್ಲಲಿಲ್ಲ.

ಲೆಲಾಶರ್ ಪಾರ್ಕ್‌ನಲ್ಲಿ ಈಗ ರೆಡ್ ಸಾಕ್ಸ್‌ನ ಕೆಳಗಿನ ತಂಡ ಆಡುವುದಿಲ್ಲ. 2021ಕ್ಕೆ ಮೇಜರ್ ಲೀಗ್ ತನ್ನ ಕೆಳಗಿನ ತಂಡಗಳನ್ನು 160ರಿಂದ 120ಕ್ಕೆ ಇಳಿಸಿತು. ಲೋವೆಲ್ ಆ ಪಟ್ಟಿಯಿಂದ ಬಿದ್ದುಹೋಯಿತು. ಡ್ರಾಫ್ಟ್ ಕೂಡ ಈಗ 20 ಸುತ್ತು ಮಾತ್ರ. ಹೈಸ್ಕೂಲಿನಿಂದ ಬಂದ ಹುಡುಗರು ಮೊದಲು ಆಡುವುದು ಫ್ಲಾರಿಡಾ, ಅರಿಜೋನದ ತರಬೇತಿ ಮೈದಾನಗಳಲ್ಲಿ, ಬಿಸಿಲಲ್ಲಿ, ಬೆರಳೆಣಿಕೆಯ ಜನರ ಮುಂದೆ. ಕೆಲಸ ಮುಗಿಸಿ ಕಾರು ಹತ್ತಿ ಹೋಗಿ ಇನ್ನೂ ಏನೂ ಆಗಿರದ ಒಬ್ಬ ಹುಡುಗನನ್ನು ನೋಡುವ ಭಾಗ್ಯ ಲೋವೆಲ್‌ನವರಿಗೆ ಇಲ್ಲ. ಇದು ನನಗೆ ನಿಜವಾದ ನೋವು.

ಈಗ ನಾನು ಹೋಗುವುದು ರೆಡ್ ಸಾಕ್ಸ್‌ನ ಮೇಲಿನ ಮೆಟ್ಟಿಲಿನ ತಂಡಗಳಿರುವ ಪೋರ್ಟ್‌ಲ್ಯಾಂಡ್‌ಗೆ, ಒಮ್ಮೊಮ್ಮೆ ವುಸ್ಟರ್‌ಗೆ. ಮೊದಲ ಮೂರು ಇನ್ನಿಂಗ್ಸ್ ಪ್ಲೇಟ್‌ನ ಹಿಂದೆ, ಆಮೇಲೆ ಬ್ಯಾಟರ್ ಯಾವ ಕೈಯವನೋ ಅದರ ಎದುರು ಕಡೆ. ಅದೇ ನೋಟ್‌ಬುಕ್‌ನಲ್ಲಿ ಪುಟ ಉಳಿದಿದೆ. ಒಬ್ಬೊಬ್ಬ ಹುಡುಗನಿಗೂ ನಡುವೆ ಗೆರೆ ಎಳೆದು ಎರಡು ಖಾನೆ ಮಾಡುತ್ತೇನೆ. ಎಡಗಡೆ ಅವನು ಬೀಸಿದ ಕೆಟ್ಟ ಚೆಂಡು, ಬಲಗಡೆ ಬೀಸದೆ ಬಿಟ್ಟ ಕೆಟ್ಟ ಚೆಂಡು. ಹೋಮ್ ರನ್ ಹೊಡೆದರೆ ಪುಟದ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತೇನೆ.